ಅಕ್ಕ ಹಿಡಿಯದ ಉಪವಾಸ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಬಾಯಿಗೆ ಒಂದು ಅಗುಳು ಇಡುತ್ತಿರಲಿಲ್ಲ. ನಮ್ಮದು ಮಹಾರಾಷ್ಟ್ರದ ಗಡಿಗೆ ಅಂಟಿದ ನಿಪ್ಪಾಣಿಯ ಹತ್ತಿರ, ಅಕ್ಕೋಳದ ಆಚೆಗಿನ ಸಣ್ಣ ಹಳ್ಳಿ. ಕಬ್ಬು, ತಂಬಾಕು ಬೆಳೆಯುವ ಜೈನ ಒಕ್ಕಲು ಮನೆತನ. ಬಿಸಿಲು ಹಿತ್ತಲ ಗೋಡೆಯ ತುದಿಗೆ ಏರುವಷ್ಟರಲ್ಲಿ ಅವ್ವ ಎಲ್ಲರನ್ನೂ ಕೂಗಿ ಕರೆದು ರೊಟ್ಟಿ ಬಡಿಸಿ, ಒಲೆಯ ಕೆಂಡದ ಮೇಲೆ ಬೂದಿ ಮುಚ್ಚಿಬಿಡುತ್ತಿದ್ದಳು. ಕತ್ತಲಲ್ಲಿ ಉಂಡರೆ ಕಣ್ಣಿಗೆ ಕಾಣದ ಹುಳಹುಪ್ಪಟೆಯ ಜೀವ ಹೋಗುತ್ತದೆ ಎಂಬುದು ನಮ್ಮ ಹಿರಿಯರ ನಂಬಿಕೆ. ರಾತ್ರಿ ಹತ್ತು ಗಂಟೆಗೆ ಫ್ರಿಜ್ಜಿನ ಬಾಗಿಲು ತೆಗೆದು ಅದರ ಮುಂದೆ ನಿಲ್ಲುವ ನಿಮಗೆ, ಮಕ್ಕಳೇ, ಇದು ಶಿಕ್ಷೆ ಅನ್ನಿಸಬಹುದು. ನಮಗೆ ಹಾಗೆ ಅನ್ನಿಸುತ್ತಿರಲಿಲ್ಲ. ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಿದ್ದೆವು, ಆಮೇಲೆ ಅಂಗಳದಲ್ಲಿ ಹರಟೆ ಹೊಡೆಯುತ್ತಿದ್ದೆವು, ಅಷ್ಟೇ.

ಇವತ್ತು ಹೇಳುವುದು ನಗಿಸುವ ಕತೆಯಲ್ಲ, ಮೊದಲೇ ಹೇಳಿಬಿಡುತ್ತೇನೆ. ನಡುವೆ ಎದ್ದು ಓಡುವವರಿದ್ದರೆ ಈಗಲೇ ನೀರು ಕುಡಿದು ಬಂದು ಕೂತುಕೊಳ್ಳಿ.

ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ ಆಯಿ, ನಾನು, ಮತ್ತು ನನ್ನ ಅಕ್ಕ. ಅಕ್ಕ ನನಗಿಂತ ಬಹಳ ದೊಡ್ಡವಳು. ಪರಕಾರ ಬಿಟ್ಟು ಸೀರೆ ಉಡಲು ಶುರು ಮಾಡಿದ್ದಳು. ಅವಳಿಗೊಂದು ವಿದ್ಯೆ ಇತ್ತು. ಅವಳ ಕೈಗೆ ಸಿಕ್ಕರೆ ಮನೆಯ ಸಾಮಾನುಗಳಿಗೆಲ್ಲ ಬಾಯಿ ಬರುತ್ತಿತ್ತು. ಕಿರ್ರೆನ್ನುವ ಹಿತ್ತಲ ಬಾಗಿಲು ಅವಳ ಲೆಕ್ಕದಲ್ಲಿ ಮೊಣಕಾಲು ನೋವಿನ ಮುದುಕಿ. ನಾನು ಅದನ್ನು ಜೋರಾಗಿ ತೆಗೆದರೆ ಅಕ್ಕ ಒಳಗಿನಿಂದಲೇ ಮುದುಕಿಯ ದನಿಯಲ್ಲಿ ನರಳುತ್ತಿದ್ದಳು. ಕುಡಿಯುವ ನೀರು ಸೋಸುವ ಬಟ್ಟೆ ಯಾರನ್ನೂ ನಂಬದ ಪೊಲೀಸ್. ಬೀಸುವ ಕಲ್ಲು ದಿನವಿಡೀ ಗೊಣಗುವ, ಆದರೆ ಹಿಟ್ಟು ಮಾತ್ರ ನುಣ್ಣಗೆ ಕೊಡುವ ಅತ್ತೆ. ನಿಪ್ಪಾಣಿ ಬಸ್ಸಿನ ಕಂಡಕ್ಟರ್ ಮರಾಠಿಯಲ್ಲಿ ಬೈದು ಕನ್ನಡದಲ್ಲಿ ಚಿಲ್ಲರೆ ಕೇಳುವುದನ್ನು ಅವಳು ಮಾಡಿ ತೋರಿಸಿದರೆ, ನಗುವುದೇ ಅಪರೂಪವಾದ ಅಪ್ಪನೂ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ಆ ವರ್ಷ ಯುಗಾದಿ ಕಳೆದ ಮೇಲೆ ಅಕ್ಕ ಮೆಲ್ಲಗೆ ಸುಮ್ಮನಾಗತೊಡಗಿದಳು. ಮೊದಲು ಬಾಗಿಲು ಮಾತು ಬಿಟ್ಟಿತು, ಆಮೇಲೆ ಬೀಸುವ ಕಲ್ಲು. ತಲೆ ಬಾಚಿಕೊಳ್ಳದೆ ಒಳಗಿನ ತಂಬಾಕಿನ ಕೋಣೆಯಲ್ಲಿ ಹೋಗಿ ಕೂತುಬಿಡುತ್ತಿದ್ದಳು. ಆ ಕೋಣೆಗೆ ಕಿಟಕಿಯಿರಲಿಲ್ಲ. ಹೋದ ವರ್ಷದ ಎಲೆಯ ಘಾಟು ಗೋಡೆಗೇ ಹಿಡಿದಿತ್ತು, ಒಳಗೆ ಕಾಲಿಟ್ಟರೆ ಸೀನು ಬರುತ್ತಿತ್ತು. ಅಕ್ಕ ಮಾತ್ರ ಅದು ತನ್ನ ಮೂಗಿಗೇ ಬರುತ್ತಿಲ್ಲವೇನೋ ಎಂಬಂತೆ ಇರುತ್ತಿದ್ದಳು. ಏನಾಗಿದೆ ಎಂದು ಎಲ್ಲರೂ ಕೇಳಿದರು. ಏನೂ ಇಲ್ಲ ಎಂದಳು. ನಿಜ ಹೇಳಬೇಕೆಂದರೆ ಏನೂ ಆಗಿರಲೇ ಇಲ್ಲ. ಯಾರೂ ಬೈದಿರಲಿಲ್ಲ, ಯಾರೂ ಸತ್ತಿರಲಿಲ್ಲ. ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅಪ್ಪ ನಿಪ್ಪಾಣಿಯ ಸಂತೆಯಿಂದ ಹಸಿರು ಬಳೆ ತಂದುಕೊಟ್ಟ. ಅಕ್ಕ ಅವನ್ನು ತೊಟ್ಟುಕೊಂಡಳು, ಅಷ್ಟೇ, ಕೈ ಮಾತ್ರ ಅಲ್ಲಾಡಲಿಲ್ಲ.

ಒಂದು ಮಧ್ಯಾಹ್ನ ನಾನು ಆ ಕೋಣೆಗೆ ಹೋಗಿ ಅವಳ ಪಕ್ಕ ಕೂತೆ. ಬಹಳ ಹೊತ್ತು ಕೂತಿದ್ದೆ. ನನಗೆ ಸುಮ್ಮನೆ ಕೂರುವುದು ಆಗದ ಮಾತು, ಆದರೆ ಅವತ್ತು ಕೂತಿದ್ದೆ. ಆಗ ಅಕ್ಕ ತಾನಾಗಿಯೇ ಹೇಳಿದಳು.

"ನನ್ನ ಎದಿ ಮ್ಯಾಲ ಏನೋ ಕುಂತಂಗ ಆಗತೈತಿ. ಏಳಾಕ ಬಿಡವಲ್ತು."

"ಯಾರು ಕುಂತಾರ?" ಎಂದೆ. ಅವಳೇ ನನಗೆ ಕಲಿಸಿದ ಆಟವಲ್ಲವೇ? ಏನೋ ಇದ್ದರೆ ಅದು ಯಾರೋ ಆಗಿರಲೇಬೇಕು.

ಅಕ್ಕ ನನ್ನನ್ನೇ ನೋಡಿದಳು. ಬಹಳ ದಿನಗಳ ಮೇಲೆ ಅವಳ ಕಣ್ಣು ಒಂದು ಕಡೆ ನಿಂತದ್ದು ಆಗಲೇ. ಸ್ವಲ್ಪ ಯೋಚಿಸಿ, "ಒಬ್ಬಾಕಿ ಹೆಂಗಸು. ದಪ್ಪನಾಕಿ. ತೊಯ್ದ ಸೀರಿ ಉಟ್ಟಾಳ," ಎಂದಳು. ಹಸಿ ಗೋಣಿಚೀಲದ ವಾಸನೆ ಅವಳದು ಎಂದೆ ನಾನು. ಹೌದು ಎಂದಳು. ಮಾತಾಡುತ್ತಾಳೆಯೇ ಎಂದೆ. ಇಲ್ಲ, ಬರೀ ನಿಟ್ಟುಸಿರು ಬಿಡುತ್ತಾಳೆ ಎಂದಳು. ಹಾಗೆ ಇಬ್ಬರೂ ಸೇರಿ ಅವಳಿಗೆ ಮೂಗು, ಬಾಯಿ, ಬಾಚದ ತಲೆ, ಒಡೆದ ಹಿಮ್ಮಡಿ ಎಲ್ಲವನ್ನೂ ಕೊಟ್ಟೆವು. ಕೊನೆಗೆ ಹೆಸರೂ ಇಟ್ಟೆವು, ಮಬ್ಬವ್ವ ಎಂದು. ಕರೆಯದೆ ಬಂದ ಪಾವಣೇರಾಕಿ, ಅಂದರೆ ನೆಂಟರಾಕೆ. ಬಂದವಳು ಹೋಗುವ ಮಾತೇ ಎತ್ತುವುದಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಎದ್ದ ಕೂಡಲೇ ನಾನು ಅಕ್ಕನ ಕಿವಿಯಲ್ಲಿ, "ಮಬ್ಬವ್ವ ಎದ್ದಾಳೇನು?" ಎಂದು ಕೇಳುತ್ತಿದ್ದೆ. ಇನ್ನೂ ಮಲಗಿದ್ದಾಳೆ ಎಂದರೆ ಆ ದಿನ ಅಕ್ಕ ಸ್ನಾನ ಮಾಡುತ್ತಾಳೆ, ಎರಡು ಮಾತು ಆಡುತ್ತಾಳೆ ಎಂದು ಅರ್ಥ. ಎದ್ದು ಬಾಗಿಲಲ್ಲಿ ಕೂತಿದ್ದಾಳೆ ಎಂದರೆ ನಾನು ಅಕ್ಕನ ಕೆಲಸಗಳನ್ನು ಸದ್ದಿಲ್ಲದೆ ಮಾಡಿಬಿಡುತ್ತಿದ್ದೆ. ಎದೆ ಮೇಲೆ ಕೂತಿದ್ದಾಳೆ ಎಂದರೆ ಶಾಲೆ ತಪ್ಪಿಸಿ ಹೊಟ್ಟೆನೋವು ಎಂದು ಮನೆಯಲ್ಲೇ ಉಳಿಯುತ್ತಿದ್ದೆ. ಅಕ್ಕನ ಭಾರ ಕಡಿಮೆಯಾಯಿತು ಎಂದು ನಾನು ಹೇಳುವುದಿಲ್ಲ. ಆದರೆ ಮೊದಲು ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಳು, ಸೋಮಾರಿ, ಯಾವುದಕ್ಕೂ ಬಾರದವಳು ಎಂದು. ಈಗ ಬೈಯಲು ಬೇರೆ ಒಬ್ಬಳು ಸಿಕ್ಕಿದ್ದಳು. ಒಮ್ಮೊಮ್ಮೆ ಇಬ್ಬರೂ ಸೇರಿ ಮಬ್ಬವ್ವನಿಗೆ ಹೊಟ್ಟೆತುಂಬ ಬೈಯುತ್ತಿದ್ದೆವು. ಆಗ ಅಕ್ಕ ತುಸು ನಗುತ್ತಿದ್ದಳು.

ಇದನ್ನು ಯಾರಿಗೂ ಹೇಳಬಾರದೆಂದು ಅಕ್ಕ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. "ಮಂದಿಗೆ ಗೊತ್ತಾದ್ರ ದೆವ್ವ ಬಡದೈತಿ ಅಂತಾರ. ಕಟ್ಟಿ ಹಾಕಿ ಹೊಡಸ್ತಾರ," ಎಂದಿದ್ದಳು. ಅದು ಸುಳ್ಳು ಹೆದರಿಕೆಯಲ್ಲ. ನಮ್ಮ ಓಣಿಯ ಒಬ್ಬ ಹೆಂಗಸನ್ನು ದೆವ್ವ ಬಿಡಿಸಲು ಕರೆದುಕೊಂಡು ಹೋಗಿ ವಾಪಸು ತಂದದ್ದನ್ನು ನಾನೇ ನೋಡಿದ್ದೆ. ಅವಳ ಕೈ ಮೇಲಿನ ಗಾಯ ಮಾಯಲು ಬಹಳ ದಿನ ಹಿಡಿದಿತ್ತು. ಹಾಗಾಗಿ ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು. ನಮ್ಮ ಜೈನರಿಗೆ ಅದು ವರ್ಷದ ದೊಡ್ಡ ಹಬ್ಬ, ಹತ್ತು ದಿನದ್ದು. ಹಬ್ಬವೆಂದರೆ ಹೋಳಿಗೆ ತಿನ್ನುವುದಲ್ಲ, ತಿನ್ನದೆ ಇರುವುದು. ಕೆಲವರು ಒಪ್ಪತ್ತು ಉಣ್ಣುತ್ತಾರೆ. ಗಟ್ಟಿ ಮನಸ್ಸಿನವರು ಪರ್ವ ಮುಗಿಯುವ ತನಕ ಕಾಯಿಸಿ ಆರಿಸಿದ ನೀರಿನ ಮೇಲೆಯೇ ಇರುತ್ತಾರೆ. ಪರ್ವದ ಮೊದಲ ದಿನ ಅವ್ವ ಅಕ್ಕನ ಮುಂದೆ ತಾಟು ಇಟ್ಟಳು. ಅಕ್ಕ ಅದನ್ನು ಹಿಂದಕ್ಕೆ ಸರಿಸಿ ಒಲ್ಲೆ ಎಂದಳು. ಅದಕ್ಕೂ ಮೊದಲೇ ಅವಳ ಊಟ ಅರ್ಧ ರೊಟ್ಟಿಗೆ ಇಳಿದಿತ್ತು, ಅವತ್ತು ಅದೂ ನಿಂತಿತು. ಆಯಿ ಮಾತ್ರ ಅದನ್ನು ಬೇರೆ ರೀತಿ ತಿಳಿದುಕೊಂಡಳು. ಪರ್ವದ ದಿನವೇ ತಾಟು ಸರಿಸಿದ್ದಾಳೆ ಎಂದರೆ ಮೊಮ್ಮಗಳು ಉಪವಾಸ ಹಿಡಿದಳು ಎಂದೇ ಅವಳ ತಿಳಿವು. ಮನಸ್ಸು ತುಂಬಿ ಸಂತೋಷಪಟ್ಟಳು, ಪಾಪ. ಅಕ್ಕನ ಕೈ ಹಿಡಿದು ಬಸ್ತಿಗೆ, ಅಂದರೆ ನಮ್ಮ ಜೈನರ ಗುಡಿಗೆ, ಕರೆದೊಯ್ದು ಉಪವಾಸದ ನೇಮ ಕೊಡಿಸಿದಳು. ಅಕ್ಕ ತಲೆ ತಗ್ಗಿಸಿ ನಿಂತಿದ್ದಳು. ತಲೆ ಎತ್ತುವ ಶಕ್ತಿಯೇ ಅವಳಲ್ಲಿರಲಿಲ್ಲ. ನೋಡಿದವರಿಗೆ ಅದು ವಿನಯದಂತೆ ಕಂಡಿತು.

ಸಂಜೆಯೊಳಗೆ ಓಣಿಗೆಲ್ಲ ಸುದ್ದಿಯಾಯಿತು. ತಿಂಗಳುಗಟ್ಟಲೆ ಅಕ್ಕನಿಗೆ ಏನಾಗಿದೆಯೋ ಎಂದು ಗುಸುಗುಸು ಮಾಡಿದವರೇ ಈಗ, ಹುಡುಗಿಯ ಮನಸ್ಸು ಸಂಸಾರ ಬಿಟ್ಟು ಮೇಲಕ್ಕೆ ಹೋಗಿದೆ, ಅದಕ್ಕೇ ಅಷ್ಟು ಮೌನ ಎಂದರು. ಹೆಂಗಸರು ಬಂದು ಅವಳ ಸುತ್ತ ಕೂತು ಮರಾಠಿಯಲ್ಲಿ ಭಜನೆ ಹಾಡಿದರು. ಚಿಕ್ಕ ಮಕ್ಕಳಿಂದ ಕಾಲು ಮುಟ್ಟಿಸಿದರು. ಅವ್ವನ ಮುಖದಲ್ಲಿ ಬಹಳ ದಿನಗಳ ಮೇಲೆ ಕಳೆ ಬಂತು. ಮನೆಯಲ್ಲಿ ಎಲ್ಲರೂ ಖುಷಿಯಾಗಿದ್ದಾಗ ನಾನು ಮಾತ್ರ ಅಕ್ಕನ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ಯಾಕೆಂದರೆ ಬೆಳಿಗ್ಗೆ ಕೇಳಿದಾಗಲೆಲ್ಲ ಅಕ್ಕನ ಉತ್ತರ ಒಂದೇ ಆಗಿತ್ತು. ಎದೆ ಮೇಲಿದ್ದಾಳೆ.

ಈಗ ನಾನು ಹೇಳಬೇಕೆಂದಿರುವ ದಿನ ಬಂತು, ಪರ್ವ ಮುಗಿದ ಮರುದಿನ. ಉಪವಾಸ ಮಾಡಿದವರು ಅವತ್ತು ಮೊದಲ ತುತ್ತು ತೆಗೆದುಕೊಳ್ಳಬೇಕು. ಅದಕ್ಕೆ ಪಾರಣೆ ಎನ್ನುತ್ತಾರೆ. ರಾತ್ರಿಯಿಡೀ ಜಿಟಿಜಿಟಿ ಹಿಡಿದ ಮಳೆ ಬೆಳಿಗ್ಗೆ ನಿಂತು, ಕರಿ ಮಣ್ಣಿನಿಂದ ಬಿಸಿ ಹವೆ ಏಳುತ್ತಿತ್ತು. ಅಪ್ಪ ಎತ್ತುಗಳ ಮೈ ತೊಳೆದು ಗಾಡಿಗೆ ಬಾಳೆಕಂಬ, ಚೆಂಡು ಹೂವು ಕಟ್ಟಿದ. ನಿಪ್ಪಾಣಿಯಿಂದ ಬ್ಯಾಂಡಿನವರು ಬಂದರು. ಅಕ್ಕನಿಗೆ ಆಯಿ ತನ್ನ ಮದುವೆಯ ಜರಿ ಸೀರೆ ಉಡಿಸಿದಳು. ಸೊಂಟದಲ್ಲಿ ನಿಲ್ಲದ ಆ ಸೀರೆಯನ್ನು ಅವ್ವ ಪಿನ್ನು ಚುಚ್ಚಿ ಚುಚ್ಚಿ ನಿಲ್ಲಿಸಿದಳು. ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಅಕ್ಕನನ್ನು ಇಬ್ಬರು ಹಿಡಿದು ಗಾಡಿ ಹತ್ತಿಸಿದರು, ನನ್ನನ್ನು ಅವಳ ಪಕ್ಕ ಕೂರಿಸಿದರು.

ಊರ ತುಂಬ ಮೆರವಣಿಗೆ ಹೋಯಿತು. ಬ್ಯಾಂಡಿನವರು ಸಿನಿಮಾ ಹಾಡು ಊದಿದರು, ಜನ ಅಕ್ಕಿ ಮತ್ತು ಹೂವು ಎರಚಿದರು, ತೆಂಗಿನಕಾಯಿ ಕೊಟ್ಟರು. ಚೆಂಡು ಹೂವಿನ ಕಟು ವಾಸನೆ, ಎತ್ತಿನ ಸಗಣಿ, ಬ್ಯಾಂಡಿನವರ ಬೆವರು ಎಲ್ಲ ಸೇರಿ ನನಗೇ ತಲೆ ಸುತ್ತುತ್ತಿತ್ತು. ಅಕ್ಕನ ಕೈ ನನ್ನ ಕೈಯಲ್ಲಿತ್ತು. ಅಂಥ ಸೆಕೆಯಲ್ಲೂ ಅದು ತಣ್ಣಗಿತ್ತು. ಯಾರೋ ಮುದುಕಿ ಗಾಡಿಯ ಜೊತೆಗೇ ನಡೆಯುತ್ತ ಅಕ್ಕನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅಕ್ಕ ಆ ಮುದುಕಿಯನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಬಾವಿಯ ತಳದಿಂದ ಮೇಲಿನವರನ್ನು ನೋಡಿದ ಹಾಗೆ ನೋಡಿದಳು.

ಮನೆಗೆ ಬಂದ ಮೇಲೆ ಪಡಸಾಲೆಯಲ್ಲಿ ಮಣೆ ಹಾಕಿ ಕೂರಿಸಿದರು. ಅವ್ವ ಬೆಳಕು ಹರಿದ ಕೂಡಲೇ ಹೆಸರು ಬೇಳೆಯ ತಿಳಿ ಕಾಯಿಸಿಟ್ಟಿದ್ದಳು. ಬೆಳ್ಳಿಯ ಬಟ್ಟಲಿನಲ್ಲಿ ಅದನ್ನು ಹಾಕಿ, ಮೊದಲ ಚಮಚ ಆಯಿ ಹಿಡಿದಳು. ಅಕ್ಕ ಬಾಯಿ ತೆರೆಯಲಿಲ್ಲ. ಅವ್ವ ಹಿಡಿದಳು, ಆಗಲೂ ತೆರೆಯಲಿಲ್ಲ. ತಿಳಿ ತುಟಿಯಿಂದ ಇಳಿದು ಜರಿ ಸೀರೆಯ ಮೇಲೆ ಬಿತ್ತು. ಕೂಡಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಾದರೂ ಆಗ, ಈ ಹುಡುಗಿಗೆ ಹುಷಾರಿಲ್ಲ ಎನ್ನುತ್ತಾರೆ ಎಂದು ನಾನು ಕಾಯುತ್ತಿದ್ದೆ. ಹಿಂದಿನಿಂದ ಒಬ್ಬಳು ಕೈ ಮುಗಿದು, "ಮುಂದುವರಸ್ತಾಳ್ರಿ ಆಯಿ. ತಿಂಗಳ ಉಪವಾಸಕ್ಕ ಕುಂತಾಳ ನಿಮ್ಮ ಮೊಮ್ಮಗಳು," ಎಂದಳು. ಅಷ್ಟು ಸಾಕಾಯಿತು. ಎಲ್ಲರೂ ಮತ್ತೆ ಕೈ ಮುಗಿದರು. ಮತ್ತೆ ಭಜನೆ ಶುರುವಾಯಿತು.

ಅವ್ವನ ಮುಖದಲ್ಲಿ ಮಾತ್ರ ಕಳೆ ಇಳಿದದ್ದನ್ನು ನಾನು ನೋಡಿದೆ. ಅವಳು ಬಟ್ಟಲು ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಅಷ್ಟು ಜನರ ಮುಂದೆ, ಅಷ್ಟು ಮರ್ಯಾದೆಯ ನಡುವೆ ಏನು ಹೇಳುತ್ತಾಳೆ? ಅಪ್ಪ ಬಂದವರಿಗೆ ಎಲೆ ಹಾಕುವುದರಲ್ಲಿ, ಬ್ಯಾಂಡಿನವರಿಗೆ ಊಟ ಬಡಿಸುವುದರಲ್ಲಿ ಹೊರಗಿದ್ದ. ಅಕ್ಕ ಇವತ್ತು ಹೊತ್ತು ಮುಳುಗುವುದರೊಳಗೆ ಉಣ್ಣದಿದ್ದರೆ ಇನ್ನು ನಾಳೆಯೇ. ನಾಳೆಯೂ ಒಲ್ಲೆ ಎಂದರೆ ಅವಳಿಗೆ ಕೈ ಮುಗಿಯುವವರು ಇನ್ನೂ ಹೆಚ್ಚಾಗುತ್ತಾರೆಯೇ ಹೊರತು ತಡೆಯುವವರು ಇರುವುದಿಲ್ಲ. ನಾನು ಚಿಕ್ಕವಳಾದರೂ ಅಷ್ಟು ಲೆಕ್ಕ ನನಗೆ ಬರುತ್ತಿತ್ತು. ಅಕ್ಕ ಸತ್ತುಹೋಗುತ್ತಾಳೆ, ಇವರೆಲ್ಲ ಹಾಡುತ್ತಲೇ ಇರುತ್ತಾರೆ ಎಂದು ನನಗೆ ಖಚಿತವಾಯಿತು.

ಮಧ್ಯಾಹ್ನ ಹೆಂಗಸರು ಊಟಕ್ಕೆ ಎದ್ದಾಗ ಅಕ್ಕನ ಹತ್ತಿರ ನುಸುಳಿ ಹೋಗಿ, ಮಬ್ಬವ್ವ ಎಲ್ಲಿದ್ದಾಳೆ ಎಂದು ಕೇಳಿದೆ. ಅವಳ ಉತ್ತರ ಕೇಳಿಸಿಕೊಳ್ಳಲು ಕಿವಿಯನ್ನು ಅವಳ ಬಾಯಿಯ ಹತ್ತಿರ ಇಡಬೇಕಾಯಿತು.

"ಅಕಿ ಒಬ್ಬಾಕಿನ ಉಳದಾಳ. ನಾನ ಇಲ್ಲ," ಎಂದಳು.

ನಾನು ಎದ್ದು ಹಿತ್ತಲಿಗೆ ಓಡಿದೆ. ನಮ್ಮ ಆಟ ಅಲ್ಲಿಗೆ ಮುಗಿದಿತ್ತು. ಇಬ್ಬರು ಸೇರಿ ಮಾಡಿದ ಮಬ್ಬವ್ವನನ್ನು ಇಬ್ಬರು ಸೇರಿಯೇ ಬೈಯಬಹುದಿತ್ತು, ಅಕ್ಕನೇ ಇಲ್ಲವೆಂದ ಮೇಲೆ ನಾನೊಬ್ಬಳು ಏನು ಮಾಡಲಿ? ಬಾಳೆಗಿಡದ ಬುಡದಲ್ಲಿ ಕೂತು ಅತ್ತೆ. ಆಣೆ ಮುರಿದರೆ ಅಕ್ಕನನ್ನು ಕಟ್ಟಿಹಾಕಿ ಹೊಡೆಯುತ್ತಾರೆ, ಮುರಿಯದಿದ್ದರೆ ಅಕ್ಕ ಇರುವುದಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಎದ್ದಾಗ ಬಿಸಿಲು ಗೋಡೆ ಏರಿಬಿಟ್ಟಿತ್ತು.

ಅಪ್ಪ ದನದ ಕೊಟ್ಟಿಗೆಯಲ್ಲಿ ಎಮ್ಮೆ ಹಿಂಡುತ್ತಿದ್ದ. ತಂಬಿಗೆಯ ತಳಕ್ಕೆ ಹಾಲು ಬೀಳುವ ಸದ್ದು ಬಿಟ್ಟರೆ ಅಲ್ಲಿ ಬೇರೆ ಸದ್ದಿರಲಿಲ್ಲ. ನಾನು ಅವನ ಬೆನ್ನ ಹಿಂದೆ ನಿಂತೆ. ಮುಖ ನೋಡಿದ್ದರೆ ಹೇಳಲು ಆಗುತ್ತಿರಲಿಲ್ಲ. ಅಕ್ಕ ಉಪವಾಸ ಮಾಡಿಯೇ ಇಲ್ಲ ಎಂದೆ. ಅಪ್ಪನ ಕೈ ನಿಂತಿತು. ತಂಬಾಕಿನ ಕೋಣೆ, ಎದೆಯ ಮೇಲಿನ ಭಾರ, ಮಬ್ಬವ್ವ, ಬೆಳಗಿನ ಪ್ರಶ್ನೆ, ಅಕ್ಕ ಮಧ್ಯಾಹ್ನ ಹೇಳಿದ ಮಾತು, ಎಲ್ಲವನ್ನೂ ಉಸಿರು ಬಿಡದೆ ಹೇಳಿಬಿಟ್ಟೆ. ಕೊನೆಗೆ, "ದೆವ್ವ ಅಲ್ಲಪ್ಪಾ. ಅಕಿನ್ನ ನಾವಿಬ್ಬರೂ ಸೇರಿ ಮಾಡೀವಿ. ಆದ್ರ ಭಾರ ಮಾತ್ರ ಖರೇನ ಐತಿ," ಎಂದೆ.

ಅಪ್ಪ ಎಮ್ಮೆಯ ಹೊಟ್ಟೆಗೆ ಹಣೆ ಒತ್ತಿಕೊಂಡ. ಆಮೇಲೆ ತಿರುಗದೆಯೇ ಹೇಳಿದ.

"ನಮ್ಮ ಕಾಕಾನ ಎದಿ ಮ್ಯಾಲೂ ಹಿಂಗ ಯಾರೋ ಕುಂದರತಿದ್ರು. ಅಟ್ಟದ ಮ್ಯಾಲ ಮಲಗೇ ಇರತಿದ್ದ. ಯಾರು ಅಂತ ನಾವು ಒಂದ ದಿನಾನೂ ಕೇಳಲಿಲ್ಲ."

ಅಪ್ಪನ ಆ ಚಿಕ್ಕಪ್ಪ ನಾನು ಹುಟ್ಟುವ ಮೊದಲೇ ಸತ್ತಿದ್ದ. ಅವನ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅಪ್ಪ ತಂಬಿಗೆಯನ್ನು ನನ್ನ ಕೈಗೆ ಕೊಟ್ಟು, ಕೈ ತೊಳೆದು ಒಳಗೆ ಹೋದ. ಪಡಸಾಲೆಯ ಹೆಂಗಸರಿಗೆಲ್ಲ ಕೈ ಮುಗಿದು, "ತಪ್ಪು ತಿಳಕೋಬ್ಯಾಡ್ರಿ, ನಮ್ಮ ಹುಡುಗಿಗೆ ಆರಾಮ ಇಲ್ಲ. ಈಗ ಮನಿಗೆ ಹೋಗ್ರಿ," ಎಂದ. ಅಷ್ಟು ದಿನ ಆ ಮನೆಯಲ್ಲಿ ಯಾರೂ ಆಡದ ಮಾತು ಅದು. ಹೆಂಗಸರು ಎದ್ದು ಹೋದರು. ಕೆಲವರ ಮುಖ ಗಂಟಿಕ್ಕಿತ್ತು. ಬೆಳಿಗ್ಗೆಯಿಂದ ಊರೆಲ್ಲ ಕೈ ಮುಗಿದ ಮನೆ ಇದೇ ಹೌದೋ ಅಲ್ಲವೋ ಎಂಬಷ್ಟು ಬಣಬಣ ಎನ್ನಿಸಿತು. ಆಯಿ ಕಂಬ ಹಿಡಿದು, ನೇಮ ಕೊಡಿಸಿ ಮೆರವಣಿಗೆಯೂ ಆಗಿದೆ, ಬಸ್ತಿಯಲ್ಲಿ ಏನು ಹೇಳುವುದು ಎಂದು ಕೇಳಿದಳು.

ಅಪ್ಪ ಅಕ್ಕನ ಮುಂದೆ ಕೂತ. ಏನು ಮಾಡಬೇಕೆಂದು ಅವನಿಗೂ ಗೊತ್ತಿರಲಿಲ್ಲ ಎಂದು ಅವನ ಕೈ ನೋಡಿದರೆ ತಿಳಿಯುತ್ತಿತ್ತು. ಒಮ್ಮೆ ಟವೆಲ್ ಮಡಿಸಿದ, ಒಮ್ಮೆ ಬಿಚ್ಚಿದ. ಕೊನೆಗೆ ಎದ್ದು ಇನ್ನೊಂದು ಮಣೆ ತಂದು ಅಕ್ಕನ ಪಕ್ಕದಲ್ಲಿ ಹಾಕಿದ. ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ತಂದು ಆ ಖಾಲಿ ಮಣೆಯ ಮುಂದಿಟ್ಟ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕೊಡುವುದು ಅದನ್ನೇ. ಆಮೇಲೆ ಆ ಮಣೆಯ ಕಡೆ ನೋಡಿ, ಬೀಗರೊಡನೆ ಆಡುವಷ್ಟು ಮರ್ಯಾದೆಯಿಂದ ಮಾತಾಡಿದ.

"ಅಕ್ಕಾರ, ನೀವು ಬಂದು ಭಾಳ ದಿನ ಆತಂತ. ನಮಗ ಗೊತ್ತಾಗಲಿಲ್ಲ, ನೀರ ಸುದ್ದಾ ಕೊಡಲಿಲ್ಲ. ಇಲ್ಲಿ ಮಣಿ ಮ್ಯಾಲ ಕೂಡ್ರಿ. ಇರೂದಿದ್ರ ಇರ್ರಿ, ನಾವೇನು ಹೊಡದು ಹೊರಗ ಹಾಕಾಂಗಿಲ್ಲ. ಆದ್ರ ಹುಡುಗಿ ಎದಿ ಮ್ಯಾಲಿಂದ ಚೂರು ಇಳೀರಿ. ಅಕಿ ಎರಡು ಗುಟುಕು ಕುಡೀಲಿ."

ಹೇಳುತ್ತ ಹೇಳುತ್ತ ಅವನ ದನಿ ಒಡೆಯಿತು. ಕಾಡುಹಂದಿಯಿಂದ ಕಬ್ಬು ಕಾಯಲು ಹೊಲದಲ್ಲಿ ಒಬ್ಬನೇ ಮಲಗುತ್ತಿದ್ದ ಅಪ್ಪ ಅತ್ತದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಅಕ್ಕ ನಿಧಾನವಾಗಿ ಕುತ್ತಿಗೆ ತಿರುಗಿಸಿ ಖಾಲಿ ಮಣೆಯನ್ನು ನೋಡಿದಳು, ಆಮೇಲೆ ಅಪ್ಪನನ್ನು. ಅವಳ ಕಣ್ಣಿನಿಂದ ಒಂದೇ ಸಮನೆ ನೀರು ಸುರಿಯಿತು. ನಗುವಿನಂಥದೊಂದು ಸದ್ದು ಗಂಟಲಿನಿಂದ ಬಂತು. "ಅಪ್ಪಾ, ಅಕಿ ಜೋಡಿ ಮಾತಾಡಾಕತ್ತಿ ನೀ," ಎಂದಳು. ತನ್ನ ಮುಂದೆ ಅಪ್ಪನಿದ್ದಾನೆ, ಮಣೆಯ ಮೇಲೆ ಮಬ್ಬವ್ವ ಇದ್ದಾಳೆ ಎಂದ ಮೇಲೆ ತಾನೂ ಒಬ್ಬಳು ಎಲ್ಲೋ ಇರಲೇಬೇಕೆಂದು ಅಕ್ಕನಿಗೆ ಹೊಳೆದಿತ್ತೋ ಏನೋ.

ಆದರೆ ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಬೆಳಗಿನ ಬೇಳೆಯ ತಿಳಿ ಹಳಸಿತ್ತು. ಒಲೆಯ ಮೇಲೆ ಬೂದಿ ಬಿದ್ದಿತ್ತು. ಅವ್ವ ಆಯಿಯ ಮುಖ ನೋಡಿದಳು. ಆಯಿ ಹುಟ್ಟಿದಾಗಿನಿಂದ ಕತ್ತಲಾದ ಮೇಲೆ ನೀರನ್ನೂ ಕುಡಿದವಳಲ್ಲ. ಬೇರೆಯವರು ಉಂಡರೂ ಆ ಕಡೆ ತಿರುಗಿ ನೋಡದವಳು. ಅವಳು ಕಂಬ ಬಿಟ್ಟು ನಿಧಾನಕ್ಕೆ ಅಡಿಗೆಮನೆಗೆ ನಡೆದಳು. ಒಲೆಯ ಮುಂದೆ ಕೂತು ಬೂದಿ ಸರಿಸಿದಳು, ಊದುಗೊಳವೆಯಿಂದ ಊದಿದಳು. ಕೆಂಡ ಹೊತ್ತಿಕೊಂಡಾಗ ಅವಳ ಮುಖವೆಲ್ಲ ಒದ್ದೆಯಾಗಿತ್ತು, ಹೊಗೆಯಿಂದ ಮಾತ್ರವಲ್ಲ. "ಜಡ್ಡಿನವರಿಗೆ ನೇಮ ಇಲ್ಲ," ಎಂದು ತನಗೆ ತಾನೇ ಹೇಳಿಕೊಂಡಳು. ಅಕ್ಕಿಯ ಗಂಜಿ ಕಾಯಿಸಿ ತಂದು, ಕಂದೀಲನ್ನು ತಾನೇ ಎತ್ತಿ ಹಿಡಿದು ನಿಂತಳು. ಅಪ್ಪ ಚಮಚ ಹಿಡಿದ. ಅಕ್ಕ ಬಾಯಿ ತೆರೆದಳು. ಬಹಳವಲ್ಲ, ಬಟ್ಟಲಿನ ತಳ ಕಾಣುವಷ್ಟೂ ಅಲ್ಲ. ಆದರೆ ಕುಡಿದಳು.

ಮರುದಿನ ಅಪ್ಪ ಅವಳನ್ನು ಮಿರಜದ ದವಾಖಾನೆಗೆ ಕರೆದೊಯ್ದ. ನಾನೂ ಹಟ ಮಾಡಿ ಹೋದೆ. ಬೋರಗಾಂವದಲ್ಲಿ ಬಸ್ಸು ನಿಂತಾಗ ಮಗ್ಗಗಳ ಖಟಖಟ ಸದ್ದು ಎರಡೂ ಕಡೆಯಿಂದ ಬಂದು ಕಿಟಕಿಯ ಗಾಜು ನಡುಗುತ್ತಿತ್ತು. ಅಕ್ಕ ಅಪ್ಪನ ಹೆಗಲ ಮೇಲೆ ತಲೆ ಇಟ್ಟು ಮಲಗಿದ್ದಳು. ಅಲ್ಲಿ ಡಾಕ್ಟರು ಅಕ್ಕನ ಮಾತು ಕೇಳಿ ನಗಲಿಲ್ಲ, ಬೈಯಲೂ ಇಲ್ಲ. ಮನಸ್ಸಿಗೂ ಜಡ್ಡು ಬರುತ್ತದೆ, ಔಷಧ ಇದೆ, ಮಾತ್ರೆಯನ್ನು ನಡುವೆ ಬಿಡಬಾರದು ಎಂದು ಮರಾಠಿಯಲ್ಲಿ ಅಪ್ಪನಿಗೆ ಎರಡೆರಡು ಸಲ ಹೇಳಿದರು.

ಇಲ್ಲಿಗೆ ನಿಲ್ಲಿಸಿ, ಅಕ್ಕ ಆರಾಮಾದಳು ಎಂದು ಹೇಳಬಹುದು. ಆರಾಮಾದಳು ಕೂಡ. ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಹಿತ್ತಲ ಬಾಗಿಲ ಮುದುಕಿ ಮತ್ತೆ ನರಳಿದಳು, ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು ಅಕ್ಕನನ್ನು ತಬ್ಬಿಕೊಂಡಳು. ಆದರೆ ಅಪ್ಪ ಅವತ್ತು ಹೇಳಿದ ಮಾತನ್ನು ಊರು ಒಪ್ಪಲೇ ಇಲ್ಲ. ಉಪವಾಸದ ನಿಶ್ಶಕ್ತಿಗೆ ದವಾಖಾನೆಗೆ ಹೋಗಿದ್ದರು ಎಂದೇ ಮಾತಾಯಿತು. ಮಗಳ ಮದುವೆಯಾಗಬೇಕಲ್ಲ ಎಂದು ನಮ್ಮ ಮನೆಯವರೂ ಅದನ್ನು ತಿದ್ದಲಿಲ್ಲ. ಪ್ರತಿ ಪರ್ವಕ್ಕೂ ಹೆಂಗಸರು ಅವಳ ಕಾಲು ಮುಟ್ಟಲು ಬರುತ್ತಿದ್ದರು. ಅಥಣಿಯ ಕಡೆ ಅನಂತಪುರಕ್ಕೆ ಅವಳನ್ನು ಕೊಟ್ಟರು. ಅಂಥ ಉಪವಾಸ ಮಾಡಿದ ಹುಡುಗಿ ಎಂದು ಅವರೇ ಕೇಳಿಕೊಂಡು ಬಂದಿದ್ದರು. ಮಾತ್ರೆಯ ವಿಷಯ ಅವರಿಗೆ ಹೇಳಲಿಲ್ಲ. ಗಂಡನ ಮನೆಯಲ್ಲಿ ಅವಳು ಅದನ್ನು ಬಚ್ಚಿಟ್ಟುಕೊಂಡು ನುಂಗುತ್ತಿದ್ದಳು, ಆಮೇಲೆ ಬಿಟ್ಟಳು. ಒಂದು ಮಳೆಗಾಲ ಅಲ್ಲಿಂದ ಸುದ್ದಿ ಬಂತು.

ಅಕ್ಕ ಆ ಮನಸ್ಸಿನ ಜಡ್ಡಿನಿಂದಲೇ ಸತ್ತಳು. ಜ್ವರದಿಂದ ಸಾಯುವವರಿದ್ದಾರೆ, ಎದೆನೋವಿನಿಂದ ಸಾಯುವವರಿದ್ದಾರೆ, ಇದರಿಂದ ಸಾಯುವವರೂ ಇದ್ದಾರೆ. ಸಂಸ್ಕಾರಕ್ಕೆ ಬಂದವರು ನನ್ನ ಕೈ ಹಿಡಿದುಕೊಂಡು, ಎಷ್ಟು ದೊಡ್ಡ ಉಪವಾಸ ಮಾಡಿದ ಪುಣ್ಯವಂತೆ ಎಂದರು. ನನಗೆ ಬಂದ ಸಿಟ್ಟು ಇನ್ನೂ ಹೋಗಿಲ್ಲ. ಆ ಮನೆಯಲ್ಲಿ ದಿನಾ ಬೆಳಿಗ್ಗೆ ಅವಳನ್ನು ಕೇಳುವವರು ಒಬ್ಬರಾದರೂ ಇದ್ದರೋ ಇಲ್ಲವೋ ಎಂದು ವಾಪಸು ಬರುವ ದಾರಿಯಲ್ಲಿ ಅಪ್ಪ ನನ್ನನ್ನು ಕೇಳಿದ, ಅಷ್ಟೇ.

ನಿಮ್ಮ ಕಾಲ ಬೇರೆ. ಚಿಕ್ಕೋಡಿಯಲ್ಲಿ ಮನಸ್ಸಿನ ಡಾಕ್ಟರು ರಸ್ತೆಯ ಮೇಲೆಯೇ ಬೋರ್ಡು ಹಾಕಿಕೊಂಡು ಕೂತಿದ್ದಾರೆ. ನಿಮ್ಮ ಶಾಲೆಗೆ ಒಬ್ಬರು ಮೇಡಂ ಬಂದು, ಮನಸ್ಸಿಗೆ ಬೇಜಾರಾದರೆ ಹೇಳಿ ಎನ್ನುತ್ತಾರಂತೆ. ನಮಗೆ ಹೆಸರೇ ಇಲ್ಲದ ಜಡ್ಡುಗಳಿಗೆಲ್ಲ ನಿಮ್ಮ ಮೊಬೈಲಿನಲ್ಲಿ ಹೆಸರಿದೆ. ಒಳ್ಳೆಯದಾಯಿತು, ನನಗೆ ನಿಜವಾಗಿ ಸಂತೋಷ. ಆದರೂ ನಿಮ್ಮ ಕಾಲವನ್ನು ನಾನು ಪೂರ್ತಿ ನಂಬುವುದಿಲ್ಲ.

ದೊಡ್ಡವಳೇ, ರಜೆಗೆ ಬಂದಾಗಿನಿಂದ ನಿನ್ನನ್ನು ನೋಡುತ್ತಿದ್ದೇನೆ. ನಿನ್ನ ತಾಟು ಹೇಗೆ ಬರುತ್ತದೋ ಹಾಗೇ ಹಿಂದೆ ಹೋಗುತ್ತಿದೆ. ನಿಮ್ಮವ್ವ ಡಯಟ್ ಎನ್ನುತ್ತಾಳೆ. ನಿಮ್ಮ ಕಾಕಾ, ತೆಳ್ಳಗಾಗಿ ಎಷ್ಟು ಚಂದ ಕಾಣಿಸುತ್ತೀ ಎಂದು ಫೋಟೋ ತೆಗೆದು ಎಲ್ಲರಿಗೂ ಕಳಿಸಿದ. ಎಲ್ಲರೂ ಹೊಗಳಿದರು, ನೀನು ತಲೆ ತಗ್ಗಿಸಿ ಕೂತಿದ್ದೆ. ಉಳಿದವರು ಎದ್ದು ಹೊರಗೆ ಆಡಲು ಹೋಗಿ. ನೀನು ಇರು. ಊಟ ಯಾಕೆ ಸೇರುತ್ತಿಲ್ಲ, ನನಗೆ ಹೇಳು.